ಊಟ ಬಿಟ್ಟ ಸಿಪಾಯಿಯ ಮೊಕದ್ದಮೆ

ಮೇಲಿನವರ ಹುಕುಂ ಇಷ್ಟೇ: ಊಟ ಮಾಡು. ಸಿಪಾಯಿ ಮಾಡಲಿಲ್ಲ. ಅಷ್ಟಕ್ಕೆ ಅವನಿಗೆ ಒಂದು ವರ್ಷ ಕಠಿಣ ಸಜೆಯಾಯಿತು, ನೌಕರಿ ಹೋಯಿತು. ಮುಂದೆ ಯಾವ ಸರ್ಕಾರಿ ಕೆಲಸಕ್ಕೂ ಯೋಗ್ಯನಲ್ಲ ಎಂಬ ಮುದ್ರೆಯೂ ಬಿತ್ತು. ಇದು ನಡೆದದ್ದು 1985ರ ಮೇ ತಿಂಗಳಲ್ಲಿ, ನಮ್ಮದೇ ಭೂಸೇನೆಯಲ್ಲಿ.

ಸಿಪಾಯಿಯ ಹೆಸರು ರಂಜಿತ್ ಠಾಕೂರ್. 1972ರಲ್ಲಿ ಸೇನೆ ಸೇರಿದವನು, ಸಿಗ್ನಲ್ ರೆಜಿಮೆಂಟಿನಲ್ಲಿ ಸಿಗ್ನಲ್‌ಮನ್. ತನ್ನ ಕಮಾಂಡಿಂಗ್ ಆಫೀಸರ್ ತನ್ನನ್ನು ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆಂದು ಅವನು ದೂರು ಬರೆದ. ಬರೆದದ್ದಕ್ಕಿಂತ ಕಳಿಸಿದ ದಾರಿ ಅವನಿಗೆ ಮುಳುವಾಯಿತು. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕಾದ ಕಾಗದವನ್ನು ನೇರವಾಗಿ ಮೇಲಕ್ಕೆ ಕಳಿಸಿದ್ದ. ಅದಕ್ಕೆ 28 ದಿನಗಳ ಕಠಿಣ ಸಜೆ ಕೊಟ್ಟವರು ಅದೇ ಕಮಾಂಡಿಂಗ್ ಆಫೀಸರ್. ಕ್ವಾರ್ಟರ್ ಗಾರ್ಡಿನ ಕೋಣೆಯಲ್ಲಿ ಆ ಶಿಕ್ಷೆ ಅನುಭವಿಸುತ್ತಿದ್ದಾಗಲೇ ಸುಬೇದಾರರೊಬ್ಬರು ಊಟ ಮಾಡು ಎಂದದ್ದು, ಇವನು ಒಲ್ಲೆ ಎಂದದ್ದು. ಆಜ್ಞೋಲ್ಲಂಘನೆ ಎಂದು ವಿಚಾರಣೆಗೆ ಕೂತವರಲ್ಲಿ ಮತ್ತೆ ಅದೇ ಅಧಿಕಾರಿ ಇದ್ದರು.

ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಸಮ್ಮರಿ ಕೋರ್ಟ್ ಮಾರ್ಷಲ್ ಎಂಬ ಏರ್ಪಾಟನ್ನು ನೋಡಬೇಕು. 1857ರ ದಂಗೆಯ ನಂತರ, ದೇಶೀ ಸಿಪಾಯಿಗಳನ್ನು ಹತೋಟಿಯಲ್ಲಿಡಲು ಬ್ರಿಟಿಷರು ಪಲ್ಟಣದ ಮುಖ್ಯಸ್ಥನ ಕೈಗೆ ಕೊಟ್ಟ ಚಾಟಿ ಅದು. 1950ರ ಆರ್ಮಿ ಆಕ್ಟ್ ಅದನ್ನು ಹಾಗೆಯೇ ಉಳಿಸಿಕೊಂಡಿತು. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಜೊತೆಗೆ ಕೂರುತ್ತಾರೆ, ತೀರ್ಪು ಅವರದಲ್ಲ. ಲೆಫ್ಟಿನೆಂಟ್ ಕರ್ನಲ್ ದರ್ಜೆಯವರಾದರೆ ಒಂದು ವರ್ಷದವರೆಗೆ ಜೈಲಿಗೆ ಕಳಿಸಬಹುದು. ಅಧಿಕಾರಿಗಳನ್ನಾಗಲಿ ಸುಬೇದಾರರನ್ನಾಗಲಿ ಈ ಕೋರ್ಟಿನ ಮುಂದೆ ನಿಲ್ಲಿಸುವಂತಿಲ್ಲ. ಅದು ಜವಾನರಿಗೆ ಮಾತ್ರ ಮೀಸಲು.

ಕೈ ಎತ್ತಿದ ಪ್ರಕರಣಗಳಲ್ಲೂ ಕಾಯ್ದೆಯ ತಕ್ಕಡಿ ಸಮ ತೂಗುವುದಿಲ್ಲ. ಮೇಲಧಿಕಾರಿಯ ಮೇಲೆ ಹಲ್ಲೆ ಮಾಡಿದರೆ 40ನೇ ಕಲಮಿನಡಿ ಹತ್ತು ವರ್ಷ, ಸಕ್ರಿಯ ಸೇವೆಯಲ್ಲಿದ್ದಾಗ ಹದಿನಾಲ್ಕು ವರ್ಷದವರೆಗೆ ಸಜೆ. ಮೇಲಿನವನು ಕೆಳಗಿನವನಿಗೆ ಹೊಡೆದರೆ 47ನೇ ಕಲಮು, ಹೆಚ್ಚೆಂದರೆ ಏಳು ವರ್ಷ. ಶಿಸ್ತಿನ ಮಾತು ಅರ್ಥವಾಗುತ್ತದೆ, ಆದರೆ ಪೆಟ್ಟಿನ ನೋವು ದರ್ಜೆ ನೋಡಿ ಕಮ್ಮಿಯಾಗುವುದಿಲ್ಲವಲ್ಲ.

ಆರೋಪಿಗೆ ಹಕ್ಕುಗಳೇ ಇಲ್ಲವೆಂದಲ್ಲ. ಆರೋಪವನ್ನು ಅವನ ಎದುರಿಗೇ ಕೇಳಬೇಕು, ಸಾಕ್ಷಿಗಳನ್ನು ಪಾಟಿಸವಾಲು ಮಾಡಲು ಬಿಡಬೇಕು. ತನ್ನ ಮೇಲೇ ನಡೆದ ಅಪರಾಧವನ್ನು ಕಮಾಂಡಿಂಗ್ ಆಫೀಸರ್, ತುರ್ತು ಕಾರಣವಿಲ್ಲದೆ, ಮೇಲಿನವರನ್ನು ಕೇಳದೆ ತಾನೇ ವಿಚಾರಿಸುವಂತಿಲ್ಲ. 130ನೇ ಕಲಮಿನ ಪ್ರಕಾರ ಕೋರ್ಟ್ ಮಾರ್ಷಲ್ ಸೇರಿದ ಕೂಡಲೇ ಸದಸ್ಯರ ಹೆಸರು ಓದಿ, ಇವರಲ್ಲಿ ಯಾರ ಬಗ್ಗೆಯಾದರೂ ನಿನಗೆ ಆಕ್ಷೇಪವಿದೆಯೇ ಎಂದು ಕೇಳಬೇಕು. ರಂಜಿತನನ್ನು ಯಾರೂ ಕೇಳಲಿಲ್ಲ.

ಹೈಕೋರ್ಟಿನಲ್ಲಿ ಅವನ ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1987ರ ಅಕ್ಟೋಬರ್ 15ರಂದು. ಬರೆದವರು ನಮ್ಮ ಎಂ.ಎನ್. ವೆಂಕಟಾಚಲಯ್ಯನವರು. ಕರ್ನಾಟಕ ಹೈಕೋರ್ಟಿನಿಂದ ಅವರು ದೆಹಲಿಗೆ ಹೋದದ್ದೇ ಆ ತಿಂಗಳು. ಬಿ.ಸಿ. ರೇ ಜೊತೆಗಿದ್ದರು. ಆಕ್ಷೇಪ ಕೇಳದೆ ಬಿಟ್ಟದ್ದು ಸಣ್ಣ ಲೋಪವಲ್ಲ, ವಿಚಾರಣೆಯ ಬುಡವನ್ನೇ ಅಲ್ಲಾಡಿಸುವಂಥದ್ದು ಎಂದರು. ಪಕ್ಷಪಾತದ ಬಗ್ಗೆ ಅವರು ಹೇಳಿದ್ದನ್ನು ವಕೀಲರು ಇಂದಿಗೂ ನೆನೆಯುತ್ತಾರೆ: ನನ್ನ ಮನಸ್ಸು ಶುದ್ಧವಾಗಿದೆ ಎಂದು ನ್ಯಾಯಾಧೀಶ ಅಂದುಕೊಂಡರೆ ಸಾಲದು, ಕಟಕಟೆಯಲ್ಲಿ ನಿಂತವನಿಗೆ ಏನನ್ನಿಸೀತು ಎಂಬುದೇ ಪ್ರಶ್ನೆ. ಶಿಕ್ಷೆ ತಪ್ಪಿಗೆ ತಕ್ಕಂತಿರಬೇಕು, ಸೇಡಿನಂತಿರಬಾರದು ಎಂದೂ ಸೇರಿಸಿದರು. ಶಿಕ್ಷೆ ರದ್ದಾಯಿತು. ರಂಜಿತ್ ಹಣಕಾಸಿನ ಸವಲತ್ತುಗಳ ಸಮೇತ ನೌಕರಿಗೆ ಮರಳಬೇಕೆಂದು ಆದೇಶವಾಯಿತು. ಸೇನೆಯ ಹೊರಗೆ ಸಾವಿರಾರು ಗುಮಾಸ್ತರು, ಕಂಡಕ್ಟರುಗಳು, ಪೇದೆಗಳು ತಮ್ಮ ವಜಾ ಆದೇಶಗಳ ವಿರುದ್ಧ ಈ ತೀರ್ಪನ್ನೇ ಹಿಡಿದು ಹೋರಾಡಿದ್ದಾರೆ.

ಆದರೆ ರಂಜಿತನಂಥವರಿಗೆ ಆಗ ಅಪೀಲು ಎಂಬುದೇ ಇರಲಿಲ್ಲ, ರಿಟ್ ಒಂದೇ ದಾರಿ. 1982ರಲ್ಲೇ, ಪ್ರೀತಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ, ಸಮವಸ್ತ್ರ ತೊಟ್ಟವನು ನಾಗರಿಕನಾಗಿ ಉಳಿಯದೇ ಹೋಗುವುದಿಲ್ಲ, ಒಂದಾದರೂ ಅಪೀಲಿಗೆ ಅವಕಾಶ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಸಂಸತ್ತು ಕಾಯ್ದೆ ಮಾಡಿದ್ದು 2007ರಲ್ಲಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಶುರುಮಾಡಿದ್ದು 2009ರಲ್ಲಿ. ಸಮ್ಮರಿ ಕೋರ್ಟ್ ಮಾರ್ಷಲ್ ಇನ್ನೂ ಇದೆ. ಅದು ಅಪವಾದವಾಗಿರಬೇಕೇ ಹೊರತು ದಿನನಿತ್ಯದ ರೂಢಿಯಾಗಬಾರದು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು.