ಮತಗಟ್ಟೆಯಲ್ಲಿ ಮತದಾರರ ಗುರುತಿನ ಪರಿಶೀಲನೆ

ಮತಗಟ್ಟೆಯಲ್ಲಿ ಮತದಾರರ ಗುರುತಿನ ಪರಿಶೀಲನೆ ಎಂಬುದು, ಮತ ಚಲಾಯಿಸಲು ಬಂದಿರುವ ವ್ಯಕ್ತಿಯೂ ಮತದಾರರ ಪಟ್ಟಿಯಲ್ಲಿ ಹೆಸರಿರುವ ವ್ಯಕ್ತಿಯೂ ಒಬ್ಬರೇ ಎಂಬುದನ್ನು ಮತ ನೀಡುವ ಮೊದಲು ಖಚಿತಪಡಿಸಿಕೊಳ್ಳುವ ಕ್ರಮವಾಗಿದೆ. ಭಾರತದಲ್ಲಿ ಇದಕ್ಕಾಗಿ ಮತದಾರರ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು (ಎಪಿಕ್) ಅಥವಾ ಚುನಾವಣಾ ಆಯೋಗವು ಸೂಚಿಸಿದ ಬೇರೊಂದು ದಾಖಲೆಯನ್ನು ತೋರಿಸಬೇಕಾಗುತ್ತದೆ. ದಾಖಲೆಯನ್ನು ಕಡ್ಡಾಯಗೊಳಿಸುವುದು ಸರಿಯೇ, ಅದರಿಂದ ಅರ್ಹರು ಮತದಾನದಿಂದ ವಂಚಿತರಾಗುವುದಿಲ್ಲವೇ ಎಂಬ ಪ್ರಶ್ನೆಯು ಹಲವು ಪ್ರಜಾಪ್ರಭುತ್ವ ದೇಶಗಳಲ್ಲಿ ಚರ್ಚೆಯಲ್ಲಿದೆ.

ಗುರುತಿನ ಚೀಟಿ ಮತ್ತು ಮತದಾನದ ಹಕ್ಕು

ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಮತದಾನದ ಹಕ್ಕು ಬರುವುದಿಲ್ಲ. ಸಂವಿಧಾನದ 326ನೇ ವಿಧಿಯು ವಯಸ್ಕ ಮತಾಧಿಕಾರವನ್ನು ನೀಡಿದೆ. ಮತದಾರರ ಪಟ್ಟಿಯ ತಯಾರಿಕೆಯು 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಗೂ, ಚುನಾವಣೆಯ ನಡವಳಿಯು 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಗೂ ಒಳಪಟ್ಟಿವೆ. ಪಟ್ಟಿಯಲ್ಲಿ ಹೆಸರಿಲ್ಲದವರು ಚೀಟಿ ಹೊಂದಿದ್ದರೂ ಮತ ಹಾಕುವಂತಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ ಬೇರೆ ಮಾನ್ಯ ದಾಖಲೆಯನ್ನು ತೋರಿಸಿ ಮತ ಹಾಕಬಹುದು.

ಚಿಕ್ಕಮಗಳೂರು ಜಿಲ್ಲೆಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಇಲ್ಲಿನ ಕಡೂರು (127) ಮತ್ತು ತರೀಕೆರೆ (126) ವಿಧಾನಸಭಾ ಕ್ಷೇತ್ರಗಳು ನೆರೆಹೊರೆಯವು. ಅಜ್ಜಂಪುರವು ತರೀಕೆರೆ ಕ್ಷೇತ್ರಕ್ಕೆ ಸೇರಿದೆ. ಆದರೆ ಕಡೂರು ಕ್ಷೇತ್ರವು ಹಾಸನ ಲೋಕಸಭಾ ಕ್ಷೇತ್ರದ ಭಾಗವಾಗಿದ್ದರೆ, ತರೀಕೆರೆಯು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿದೆ. ಎರಡೂ ಕಡೆ 2024ರ ಏಪ್ರಿಲ್ 26ರಂದೇ ಲೋಕಸಭೆಗೆ ಮತದಾನ ನಡೆಯಿತು. ಕಡೂರಿನಲ್ಲಿ ನೋಂದಾಯಿತರಾದವರು ಅಜ್ಜಂಪುರಕ್ಕೆ ನೆಲೆ ಬದಲಿಸಿದರೆ ಹಳೆಯ ಚೀಟಿಯನ್ನು ಹಿಡಿದು ಹೊಸ ಊರಿನ ಮತಗಟ್ಟೆಗೆ ಹೋಗುವುದರಿಂದ ಪ್ರಯೋಜನವಿಲ್ಲ. ನಮೂನೆ 8ರಲ್ಲಿ ಅರ್ಜಿ ಸಲ್ಲಿಸಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಹೆಸರು ವರ್ಗಾವಣೆಯಾದ ಬಳಿಕ, ಬೇರೆ ಕ್ಷೇತ್ರದಲ್ಲಿ ನೀಡಲಾದ ಹಳೆಯ ಚೀಟಿಯೂ ಗುರುತಿನ ದಾಖಲೆಯಾಗಿ ನಡೆಯುತ್ತದೆ. ಹಾಗೆಯೇ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂಥ ಊರಿನಲ್ಲಿ ಎಪಿಕ್ ಕೈಯಲ್ಲಿಲ್ಲದ ಕೂಲಿಕಾರರು ಉದ್ಯೋಗ ಖಾತ್ರಿಯ ಜಾಬ್ ಕಾರ್ಡನ್ನೋ ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ಕನ್ನೋ ತೋರಿಸಬಹುದು.

ಇತಿಹಾಸ

1951-52ರ ಮೊದಲ ಮಹಾಚುನಾವಣೆಯ ಕಾಲದಲ್ಲಿಯೇ ಗುರುತಿನ ಪ್ರಶ್ನೆ ಎದುರಾಗಿತ್ತು. ಉತ್ತರ ಭಾರತದ ಹಲವೆಡೆ ಮಹಿಳೆಯರು ಸ್ವಂತ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಅಂಥ ನಮೂದುಗಳನ್ನು ಒಪ್ಪಲಾಗದೆಂದು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಕಾಲದಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಗುರುತು ಖಚಿತವಾಗಿರಬೇಕೆಂಬ ನಿಯಮವು ಅರ್ಹರನ್ನೂ ಹೊರಗಿಡಬಲ್ಲದು ಎಂಬುದಕ್ಕೆ ಇದು ಮೊದಲ ನಿದರ್ಶನ.

1950ರ ದಶಕದ ಕೊನೆಯಲ್ಲಿ ಗುರುತಿನ ಚೀಟಿ ನೀಡಲು ಕಾನೂನಿನಲ್ಲಿ ಅವಕಾಶ ಕಲ್ಪಿಸಲಾಯಿತು. 1960ರಲ್ಲಿ ಕಲ್ಕತ್ತದ ಒಂದು ಉಪಚುನಾವಣೆಗೆ ಭಾವಚಿತ್ರವುಳ್ಳ ಚೀಟಿ ನೀಡುವ ಪ್ರಯೋಗ ನಡೆಯಿತಾದರೂ ಅದು ಮುಂದುವರಿಯಲಿಲ್ಲ. 1979ರಲ್ಲಿ ಸಿಕ್ಕಿಂನಲ್ಲಿ ಇಂಥ ಚೀಟಿಗಳು ಬಳಕೆಗೆ ಬಂದವು. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರ ಆಗಸ್ಟ್‌ನಲ್ಲಿ ದೇಶದಾದ್ಯಂತ ಚೀಟಿ ವಿತರಿಸಲು ಆಯೋಗವು ಆದೇಶಿಸಿತು. 2000ದ ಹರಿಯಾಣ ವಿಧಾನಸಭಾ ಚುನಾವಣೆಯಲ್ಲಿ ಎಪಿಕ್ ಅಥವಾ ಪರ್ಯಾಯ ದಾಖಲೆ ತೋರಿಸುವುದನ್ನು ಕಡ್ಡಾಯಗೊಳಿಸಲಾಯಿತು. ಮುಂದೆ ಇದೇ ಕ್ರಮವು ಇತರ ರಾಜ್ಯಗಳಿಗೂ ವಿಸ್ತರಿಸಿತು. 2021ರ ಜನವರಿ 25ರಂದು, ರಾಷ್ಟ್ರೀಯ ಮತದಾರರ ದಿನದಂದು, ಮೊಬೈಲಿನಲ್ಲಿ ಇಳಿಸಿಕೊಳ್ಳಬಹುದಾದ ಇ-ಎಪಿಕ್ ಜಾರಿಗೆ ಬಂದಿತು.

ಮತಗಟ್ಟೆಯಲ್ಲಿನ ಕಾರ್ಯವಿಧಾನ

1961ರ ಚುನಾವಣಾ ನಡವಳಿ ನಿಯಮಗಳು ಪರಿಶೀಲನೆಯ ಕ್ರಮವನ್ನು ವಿವರಿಸುತ್ತವೆ. ಮೊದಲನೇ ಮತಗಟ್ಟೆ ಅಧಿಕಾರಿಯು ದಾಖಲೆಯನ್ನು ನೋಡಿ, ಪಟ್ಟಿಯ ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದುತ್ತಾರೆ. ಅಭ್ಯರ್ಥಿಗಳ ಏಜೆಂಟರು ಅದನ್ನು ಕೇಳಿಸಿಕೊಂಡು ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಎರಡನೇ ಅಧಿಕಾರಿಯು ಎಡಗೈಯ ತೋರುಬೆರಳಿಗೆ ಅಳಿಸಲಾಗದ ಶಾಯಿ ಹಚ್ಚಿ, ಮತದಾರರ ರಿಜಿಸ್ಟರಿನಲ್ಲಿ (ನಮೂನೆ 17ಎ) ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯುತ್ತಾರೆ. ಅನಂತರವೇ ಮತಯಂತ್ರದ ಬಳಿ ಹೋಗಲು ಅವಕಾಶವಿರುತ್ತದೆ.

ಹೆಸರಿನ ಕಾಗುಣಿತ, ವಯಸ್ಸು ಮುಂತಾದವುಗಳಲ್ಲಿನ ಸಣ್ಣ ಬರಹದ ತಪ್ಪುಗಳನ್ನು, ಗುರುತು ಖಚಿತವಾಗಿದ್ದಲ್ಲಿ, ಅಧಿಕಾರಿಗಳು ಕಡೆಗಣಿಸಬೇಕು. ಚೀಟಿಯಲ್ಲಿನ ಭಾವಚಿತ್ರ ಹೊಂದಿಕೆಯಾಗದಿದ್ದರೆ ಪರ್ಯಾಯ ದಾಖಲೆ ಬೇಕಾಗುತ್ತದೆ. ಮಹಿಳೆಯರ ಗುರುತು ಪತ್ತೆಗೆ ಅಗತ್ಯವಿದ್ದಲ್ಲಿ ಮಹಿಳಾ ಸಿಬ್ಬಂದಿಯ ನೆರವು ಪಡೆಯಲಾಗುತ್ತದೆ.

ಪರ್ಯಾಯ ದಾಖಲೆಗಳು

2024ರ ಲೋಕಸಭಾ ಚುನಾವಣೆಯಲ್ಲಿ ಎಪಿಕ್ ಇಲ್ಲದವರಿಗೆ ಈ ಕೆಳಗಿನ 12 ದಾಖಲೆಗಳಲ್ಲಿ ಯಾವುದಾದರೂ ಒಂದನ್ನು ತೋರಿಸಲು ಅವಕಾಶವಿತ್ತು:

1. ಆಧಾರ್ ಕಾರ್ಡ್
2. ಉದ್ಯೋಗ ಖಾತ್ರಿ ಯೋಜನೆಯ ಜಾಬ್ ಕಾರ್ಡ್
3. ಬ್ಯಾಂಕ್ ಅಥವಾ ಅಂಚೆ ಕಚೇರಿ ನೀಡಿದ, ಭಾವಚಿತ್ರವಿರುವ ಪಾಸ್‌ಬುಕ್
4. ಕಾರ್ಮಿಕ ಸಚಿವಾಲಯದ ಯೋಜನೆಯಡಿ ನೀಡಿದ ಆರೋಗ್ಯ ವಿಮಾ ಸ್ಮಾರ್ಟ್ ಕಾರ್ಡ್
5. ಚಾಲನಾ ಪರವಾನಗಿ
6. ಪ್ಯಾನ್ ಕಾರ್ಡ್
7. ರಾಷ್ಟ್ರೀಯ ಜನಸಂಖ್ಯಾ ನೋಂದಣಿಯಡಿ ನೀಡಿದ ಸ್ಮಾರ್ಟ್ ಕಾರ್ಡ್
8. ಭಾರತೀಯ ಪಾಸ್‌ಪೋರ್ಟ್
9. ಭಾವಚಿತ್ರವಿರುವ ಪಿಂಚಣಿ ದಾಖಲೆ
10. ಸರ್ಕಾರ, ಸಾರ್ವಜನಿಕ ಉದ್ದಿಮೆ ಅಥವಾ ಪಬ್ಲಿಕ್ ಲಿಮಿಟೆಡ್ ಕಂಪನಿಯ ನೌಕರರ ಗುರುತಿನ ಚೀಟಿ
11. ಸಂಸದರು, ಶಾಸಕರು ಮತ್ತು ವಿಧಾನ ಪರಿಷತ್ ಸದಸ್ಯರ ಅಧಿಕೃತ ಗುರುತಿನ ಚೀಟಿ
12. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ

ಮತಗಟ್ಟೆ ಮಟ್ಟದ ಅಧಿಕಾರಿಗಳು ಮನೆಮನೆಗೆ ಹಂಚುವ ಮತದಾರರ ಚೀಟಿಯು ಮಾಹಿತಿಗಾಗಿ ಮಾತ್ರ. 2019ರಿಂದ ಅದೊಂದನ್ನೇ ಗುರುತಿನ ದಾಖಲೆಯಾಗಿ ಸ್ವೀಕರಿಸುತ್ತಿಲ್ಲ. ಅನಿವಾಸಿ ಭಾರತೀಯ ಮತದಾರರಾಗಿ ನೋಂದಾಯಿತರಾದವರು ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು.

ಗುರುತು ಪ್ರಶ್ನಿಸಲ್ಪಟ್ಟಾಗ

ಮತದಾರರೆಂದು ಬಂದವರ ಗುರುತನ್ನು ಏಜೆಂಟರು 2 ರೂಪಾಯಿ ಠೇವಣಿಯಿಟ್ಟು ಪ್ರಶ್ನಿಸಬಹುದು. ಮತಗಟ್ಟೆಯ ಅಧ್ಯಕ್ಷಾಧಿಕಾರಿಯು ಸ್ಥಳದಲ್ಲಿಯೇ ಸಂಕ್ಷಿಪ್ತ ವಿಚಾರಣೆ ನಡೆಸುತ್ತಾರೆ. ಆಕ್ಷೇಪ ಸಾಬೀತಾಗದಿದ್ದರೆ ಮತ ಹಾಕಲು ಬಿಡಬೇಕು. ಸಾಬೀತಾದರೆ ಅವಕಾಶ ನಿರಾಕರಿಸಲಾಗುತ್ತದೆ. ಬೇರೊಬ್ಬರ ಹೆಸರಿನಲ್ಲಿ ಮತ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಅಪರಾಧವಾಗಿದ್ದು, ಒಂದು ವರ್ಷದವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಮತದಾರರು ಬರುವಷ್ಟರಲ್ಲಿ ಅವರ ಹೆಸರಿನಲ್ಲಿ ಮತ ಬಿದ್ದಿದ್ದರೆ, ಗುರುತು ಖಚಿತಪಡಿಸಿಕೊಂಡು ಅವರಿಗೆ ಕಾಗದದ ಮತಪತ್ರ ನೀಡಬೇಕೆಂದು ನಿಯಮ 49ಪಿ ಹೇಳುತ್ತದೆ. ಇದಕ್ಕೆ ಟೆಂಡರ್ಡ್ ಮತ ಎಂದು ಹೆಸರು. ಇದನ್ನು ಪ್ರತ್ಯೇಕ ಲಕೋಟೆಯಲ್ಲಿ ಇರಿಸಲಾಗುತ್ತದೆ. ಸಾಮಾನ್ಯ ಎಣಿಕೆಯಲ್ಲಿ ಸೇರಿಸುವುದಿಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿ ಸಿ. ಪಿ. ಜೋಶಿ ಅವರು ಒಂದು ಮತದಿಂದ ಸೋತಾಗ ಟೆಂಡರ್ಡ್ ಮತಗಳ ವಿವಾದವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕರ್ನಾಟಕದಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದು, 40,751 ಮತ ಪಡೆದ ಎ. ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದರು. ಇಂಥ ಫಲಿತಾಂಶಗಳಲ್ಲಿ ಒಂದು ನಕಲಿ ಮತಕ್ಕೆ ಎಷ್ಟು ತೂಕವಿದೆಯೋ, ತಪ್ಪಾಗಿ ಹಿಂದಿರುಗಿಸಲ್ಪಟ್ಟ ಒಬ್ಬ ಅರ್ಹ ಮತದಾರರ ಮತಕ್ಕೂ ಅಷ್ಟೇ ತೂಕವಿದೆ.

ಅಳಿಸಲಾಗದ ಶಾಯಿ

ದಾಖಲೆಯು ವ್ಯಕ್ತಿ ಯಾರೆಂಬುದನ್ನು ತಿಳಿಸಿದರೆ, ಶಾಯಿಯು ಅವರು ಈಗಾಗಲೇ ಮತ ಹಾಕಿದ್ದಾರೆಯೇ ಎಂಬುದನ್ನು ತಿಳಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ ಸ್ಥಾಪನೆಯಾದ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆಯು 1962ರ ಮಹಾಚುನಾವಣೆಯಿಂದ ಈ ಶಾಯಿಯನ್ನು ಪೂರೈಸುತ್ತಿದೆ. ಶಾಯಿಯಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ವರ್ತಿಸಿ, ಬೆಳಕಿಗೆ ಕಪ್ಪಾಗಿ, ಸೋಪು ನೀರಿಗೆ ಜಗ್ಗದ ಕಲೆಯನ್ನು ಉಳಿಸುತ್ತದೆ. ಮತದಾರರ ಬಳಿ ಯಾವ ಕಾಗದವೂ ಇರಬೇಕಿಲ್ಲದ ಈ ಉಪಾಯವು ಭಾವಚಿತ್ರದ ಚೀಟಿಗಿಂತ ಮೂರು ದಶಕಗಳಷ್ಟು ಹಳೆಯದು.

ಪರ-ವಿರೋಧ ವಾದಗಳು

ದಾಖಲೆಯನ್ನು ಕಡ್ಡಾಯಗೊಳಿಸುವುದನ್ನು ಬೆಂಬಲಿಸುವವರು, ಊರಿನವರೆಲ್ಲ ಪರಸ್ಪರ ಪರಿಚಿತರಾಗಿರುವ ಹಳ್ಳಿಯಲ್ಲಿ ಏಜೆಂಟರೇ ಗುರುತು ಹಿಡಿಯಬಲ್ಲರಾದರೂ, ನೆರೆಮನೆಯವರನ್ನೂ ಅರಿಯದ ನಗರಗಳಲ್ಲಿ ಅದು ಸಾಧ್ಯವಿಲ್ಲ ಎನ್ನುತ್ತಾರೆ. ಮೃತಪಟ್ಟವರ ಅಥವಾ ಊರು ಬಿಟ್ಟವರ ಹೆಸರಿನಲ್ಲಿ ಮತ ಹಾಕುವುದನ್ನು ತಡೆಯಲು ಹಾಗೂ ಸೋತವರೂ ಫಲಿತಾಂಶವನ್ನು ನಂಬುವಂತಾಗಲು ಭಾವಚಿತ್ರದ ದಾಖಲೆ ಅಗತ್ಯ ಎಂಬುದು ಅವರ ವಾದ.

ವಿರೋಧಿಸುವವರು, ದಾಖಲೆಗಳನ್ನು ಪಡೆಯುವುದೂ ಕಾಪಾಡಿಕೊಳ್ಳುವುದೂ ವೃದ್ಧರಿಗೆ, ವಲಸೆ ಕಾರ್ಮಿಕರಿಗೆ, ಅಲೆಮಾರಿ ಸಮುದಾಯಗಳಿಗೆ ಕಷ್ಟವೆಂದು ಹೇಳುತ್ತಾರೆ. ಅವರ ಪ್ರಕಾರ ಮತಗಟ್ಟೆಯ ಬಾಗಿಲಲ್ಲಿನ ತಪಾಸಣೆಯು ಒಂದು ಬಗೆಯ ಅಕ್ರಮವನ್ನು ಮಾತ್ರ ತಡೆಯುತ್ತದೆ. ಪಟ್ಟಿಯಲ್ಲಿಯೇ ದೋಷವಿದ್ದರೆ ಅದನ್ನು ಸರಿಪಡಿಸದು.

ಕರ್ನಾಟಕದ ಎರಡು ಪ್ರಕರಣಗಳು ಈ ಮಿತಿಯನ್ನು ತೋರಿಸುತ್ತವೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಜಾಲಹಳ್ಳಿಯ ಒಂದು ಫ್ಲ್ಯಾಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಪತ್ತೆಯಾದವು. ಇದರಿಂದ ರಾಜರಾಜೇಶ್ವರಿನಗರ ಕ್ಷೇತ್ರದ ಮತದಾನವನ್ನು ಮೇ 12ರಿಂದ ಮೇ 28ಕ್ಕೆ ಮುಂದೂಡಲಾಯಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆದುಹಾಕುವಂತೆ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ 24 ಮಾತ್ರ ಸರಿಯಾಗಿದ್ದು, 5,994 ಅರ್ಜಿಗಳು ತಪ್ಪೆಂದು ಕಂಡುಬಂದು ತಿರಸ್ಕೃತವಾದವು. ಪೊಲೀಸ್ ಪ್ರಕರಣವೂ ದಾಖಲಾಯಿತು. ಈ ಅರ್ಜಿಗಳು ಅಂಗೀಕಾರವಾಗಿದ್ದರೆ, ಕೈಯಲ್ಲಿ ಚೀಟಿ ಹಿಡಿದು ಬಂದ ಮತದಾರರೂ ಮತ ಹಾಕದೆ ಮರಳಬೇಕಾಗುತ್ತಿತ್ತು.

ಆಧಾರ್ ಕುರಿತ ಚರ್ಚೆ

2021ರ ಚುನಾವಣಾ ಕಾನೂನುಗಳ ತಿದ್ದುಪಡಿ ಕಾಯ್ದೆಯು ಮತದಾರರ ಪಟ್ಟಿಯೊಂದಿಗೆ ಆಧಾರ್ ಸಂಖ್ಯೆಯನ್ನು ಜೋಡಿಸಲು ಅವಕಾಶ ನೀಡಿತು. ಆಧಾರ್ ಒದಗಿಸಲಿಲ್ಲವೆಂಬ ಕಾರಣಕ್ಕೇ ಹೆಸರನ್ನು ತೆಗೆಯುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ ಪ್ರಕರಣದಲ್ಲಿ, ಆಧಾರನ್ನು ಗುರುತಿನ ದಾಖಲೆಯಾಗಿ ಸ್ವೀಕರಿಸುವಂತೆ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 8ರಂದು ಆಯೋಗಕ್ಕೆ ಸೂಚಿಸಿತು. ಅದು ಪೌರತ್ವದ ಪುರಾವೆಯಲ್ಲ ಎಂದೂ ಸ್ಪಷ್ಟಪಡಿಸಿತು.

ಇತರ ದೇಶಗಳಲ್ಲಿ

ಬ್ರಿಟನ್ನಿನ ಉತ್ತರ ಐರ್ಲೆಂಡಿನಲ್ಲಿ 2003ರಿಂದ ಭಾವಚಿತ್ರದ ದಾಖಲೆ ಕಡ್ಡಾಯವಾಗಿದೆ. 2022ರ ಚುನಾವಣಾ ಕಾಯ್ದೆಯ ಪ್ರಕಾರ 2023ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿಯೂ ಇದು ಜಾರಿಗೆ ಬಂದಿತು. ಆಗ ಮತಗಟ್ಟೆಗೆ ಬಂದವರಲ್ಲಿ ಕನಿಷ್ಠ ಶೇಕಡ 0.25ರಷ್ಟು, ಅಂದರೆ ಸುಮಾರು 14,000 ಮಂದಿ, ದಾಖಲೆಯಿಲ್ಲದೆ ಮತ ಹಾಕಲಾಗಲಿಲ್ಲವೆಂದು ಅಲ್ಲಿನ ಚುನಾವಣಾ ಆಯೋಗ ತಿಳಿಸಿತು. ಅಮೆರಿಕದಲ್ಲಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಇಂಡಿಯಾನಾ ರಾಜ್ಯದ ಭಾವಚಿತ್ರದ ದಾಖಲೆಯ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ಮತದಾನವೇ ಕಡ್ಡಾಯವಾಗಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಚುನಾವಣೆಗಳಲ್ಲಿ ಹೆಸರು, ವಿಳಾಸ ಕೇಳಿ, ಈಗಾಗಲೇ ಮತ ಹಾಕಿದ್ದೀರಾ ಎಂದು ವಿಚಾರಿಸುವುದಷ್ಟೇ ಕ್ರಮ. ಕೆನಡಾದಲ್ಲಿ ದಾಖಲೆಯಿಲ್ಲದವರ ಪರವಾಗಿ ಅದೇ ಮತಗಟ್ಟೆಯ ಇನ್ನೊಬ್ಬ ಮತದಾರರು ಭರವಸೆ ನೀಡಲು ಅವಕಾಶವಿದೆ.

ಭಾರತದ ಕ್ರಮವು ಇವುಗಳ ನಡುವಿನದು. ದಾಖಲೆ ಕಡ್ಡಾಯ, ಆದರೆ ಅದು ಇಂಥದೇ ಆಗಿರಬೇಕೆಂಬ ನಿರ್ಬಂಧವಿಲ್ಲ. ದಾಖಲೆಯ ಪರಿಶೀಲನೆ ಸಾರ್ಥಕವಾಗುವುದು ಪಟ್ಟಿಯಲ್ಲಿ ಹೆಸರು ಸರಿಯಾಗಿ ಇದ್ದಾಗ ಮಾತ್ರ. ಆದ್ದರಿಂದ ಮತದಾನದ ದಿನಕ್ಕೆ ಮುಂಚಿತವಾಗಿಯೇ ಪಟ್ಟಿಯಲ್ಲಿ ಹೆಸರಿರುವುದನ್ನು ನೋಡಿಕೊಳ್ಳುವಂತೆ ಚುನಾವಣಾ ಆಯೋಗವು ಪ್ರತಿ ಚುನಾವಣೆಯಲ್ಲಿಯೂ ಮತದಾರರಿಗೆ ಸೂಚಿಸುತ್ತದೆ.