ಕಾಸಿಮೇಡಿನ ದಾರಿಯಲ್ಲಿ ಸಕ್ಕರೆಯ ಚರಿತ್ರೆ

ಭಾನುವಾರ ನಸುಕಿನಲ್ಲಿ ಕಾಸಿಮೇಡಿಗೆ ಮೀನು ತರಲು ಹೋಗುವುದು ನನ್ನ ಚೆನ್ನೈ ವಾಸದ ರೂಢಿ. ಬೋಟಿನಿಂದ ಬುಟ್ಟಿ ಇಳಿಸುವವರು, ಐಸು ಒಡೆಯುವವರು, ಹರಾಜು ಕೂಗುವವರು, ಮೀನು ಮಾರುವ ಹೆಂಗಸರು. ಸುಮ್ಮನೆ ನಿಂತವನು ನಾನೊಬ್ಬನೇ. ನನಗೀಗ 38. ಕಳೆದ ತಿಂಗಳ ರಕ್ತಪರೀಕ್ಷೆಯಲ್ಲಿ ಸಕ್ಕರೆ ಗಡಿಗೆ ಬಂದು ನಿಂತಿದೆ.

ಈ ಕಾಯಿಲೆಗೆ ನಮ್ಮ ದೇಶ ಚಿಕಿತ್ಸೆ ಹುಡುಕಿದ ಕಥೆಯ ಒಂದು ಅಧ್ಯಾಯ ನಡೆದದ್ದು ಇದೇ ಉತ್ತರ ಚೆನ್ನೈಯಲ್ಲಿ. ಇಲ್ಲಿಗೆ ಹತ್ತಿರದ ಸ್ಟಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ 1948ರಲ್ಲಿ ಮಧುಮೇಹಕ್ಕೆಂದೇ ಕ್ಲಿನಿಕ್ ತೆರೆದರು. 1954ರಲ್ಲಿ ರಾಯಪುರಂನಲ್ಲಿ ಪ್ರತ್ಯೇಕ ಆಸ್ಪತ್ರೆಯನ್ನೇ ಸ್ಥಾಪಿಸಿದರು.

ಇನ್ಸುಲಿನ್ ಪತ್ತೆಯಾದದ್ದು 1921ರಲ್ಲಿ, ಟೊರಾಂಟೊದಲ್ಲಿ. ಅದರ ಕೊರತೆಯೇ ರೋಗ ಎಂದು ನಂಬಿದ್ದ ಕಾಲದಲ್ಲಿ, 1936ರಲ್ಲಿ, ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಕೆಲವರ ಸಕ್ಕರೆ ಹಿಡಿತದಲ್ಲಿ ಉಳಿಯಿತು, ಕೆಲವರದು ಏರಿತು. ಅಂದರೆ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳದಿರಬಹುದು.

ಮಾತು ಕೇಳಬೇಕಾದವರಲ್ಲಿ ದೊಡ್ಡ ಪಾಲು ಸ್ನಾಯುವಿನದು. ಇನ್ಸುಲಿನ್ ಸೂಚನೆ ಕೊಟ್ಟಾಗ ಗ್ಲೂಟ್-4 ಎಂಬ ವಾಹಕ ಸ್ನಾಯುಕೋಶದ ಒಳಗಿನಿಂದ ಅಂಚಿಗೆ ಬಂದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ತಿಂದು, ಕೊಬ್ಬು ಸ್ನಾಯುವಿನೊಳಗೂ ಸೇರಿಕೊಂಡರೆ ಆ ಸೂಚನೆ ಮಸುಕಾಗುತ್ತದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹೊಟ್ಟೆ ಬೆಳೆಯುತ್ತದೆ. ಆದರೆ ದೋಷವೆಲ್ಲ ವಯಸ್ಸಿನದಲ್ಲ. ಕೂತು ಕಳೆದ ವರ್ಷಗಳದ್ದೂ ಹೌದು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ಗ್ಲೂಟ್-4 ಅನ್ನು ಅಂಚಿಗೆ ತರುತ್ತದೆ. ಎಪ್ಪತ್ತು ದಾಟಿದವರ ಸ್ನಾಯುವೂ ವ್ಯಾಯಾಮಕ್ಕೆ ಸ್ಪಂದಿಸುತ್ತದೆ. ಒಮ್ಮೆ ಚೆನ್ನಾಗಿ ಮೈ ದಂಡಿಸಿದರೆ ಅದರ ಗುಣ ಒಂದೆರಡು ದಿನ ಉಳಿಯುತ್ತದೆ, ಆಮೇಲೆ ಇಳಿಯುತ್ತದೆ. ವಾರಕ್ಕೊಮ್ಮೆ ಮಾಡಿ ಮುಗಿಸುವ ಕೆಲಸ ಇದಲ್ಲ.

ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನನ್ನಂತೆ ಗಡಿಯಲ್ಲಿದ್ದ 531 ಜನರಿದ್ದರು. ವಿಶೇಷ ಸಲಹೆ, ಔಷಧ ಎರಡೂ ಇಲ್ಲದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ಊಟದಲ್ಲಿ ಹಿತಮಿತ ಎಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 39. ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಂಡವರದೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ.

39 ಕೂಡ ಸಣ್ಣ ಸಂಖ್ಯೆಯಲ್ಲ; ನಡೆದವರಿಗೆಲ್ಲ ರಕ್ಷೆ ಸಿಗಲಿಲ್ಲ. ಆದರೂ ನೂರರಲ್ಲಿ 16 ಜನ ತಪ್ಪಿಸಿಕೊಂಡರಲ್ಲ, ಅವರಲ್ಲಿ ಒಬ್ಬನಾಗುವ ಆಸೆ ನನಗೆ. ಬೈಕನ್ನು ಮನೆಯಲ್ಲೇ ಬಿಟ್ಟು ಈಗ ಕಾಸಿಮೇಡಿಗೆ ನಡೆದು ಹೋಗುತ್ತೇನೆ. ಉಳಿದ ಆರು ದಿನಕ್ಕೂ ಒಂದೊಂದು ದಾರಿ ಹುಡುಕಬೇಕಿದೆ.