ಕುಡಗೋಲು ಹಿಮೋಗ್ಲೋಬಿನ್‌ನ ರೆಸಿಡ್ಯೂ ಸಂಪರ್ಕಗಳು: ಪಟ್ಟಿ ಮಾಡುವುದು, ತೂಗಿ ನೋಡುವುದು

ಪ್ರೋಟೀನ್ ರಚನೆಯೊಂದರ ಕಡತ ತೆರೆದು, ಯಾವ ಅಮೈನೋ ಆಮ್ಲದ ರೆಸಿಡ್ಯೂ ಯಾವುದಕ್ಕೆ ತಾಗಿಕೊಂಡಿದೆ ಎಂದು ಪಟ್ಟಿ ತೆಗೆಯುವುದು ಈಗ ಕೆಲವೇ ಕ್ಷಣಗಳ ಕೆಲಸ. ಪಟ್ಟಿ ಬಂದ ಕೂಡಲೇ ಅದನ್ನು ದತ್ತಾಂಶವೆಂದು ನಂಬಿ ಮುಂದೆ ಹೋಗುವುದು ರೂಢಿಯಾಗಿದೆ. ಆದರೆ ಸಂಪರ್ಕ ಎನ್ನುವುದು ಅಣುವಿನೊಳಗೆ ಗುರುತು ಹಾಕಿಟ್ಟ ವಸ್ತುವಲ್ಲ. ಪರಮಾಣುಗಳ ಸ್ಥಾನ ಅಳತೆಯಿಂದ ಬಂದದ್ದು, ಸಂಪರ್ಕ ನಾವು ಹಾಕಿಕೊಂಡ ಮಿತಿಯಿಂದ ಬಂದದ್ದು. ಈ ವ್ಯತ್ಯಾಸ ಎಷ್ಟು ಮುಖ್ಯ ಎಂಬುದನ್ನು ತೋರಿಸಲು ಕುಡಗೋಲು ಕಣ ರೋಗದ ಹಿಮೋಗ್ಲೋಬಿನ್ ಎಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಇಲ್ಲಿ ಪಟ್ಟಿಯ ಒಂದೊಂದು ಸಾಲನ್ನೂ ರೋಗಿಗಳ ರಕ್ತ ಮೊದಲೇ ಪರೀಕ್ಷೆಗೆ ಒಡ್ಡಿದೆ.

ಹಿನ್ನೆಲೆ ಚಿಕ್ಕದು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಕುಡಗೋಲು ಕಣ ರಕ್ತಹೀನತೆಯನ್ನು ಅಣುವಿನ ರೋಗವೆಂದು ಗುರುತಿಸಿದರು. 1956-57ರಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್, ಬೀಟಾ ಸರಪಳಿಯಲ್ಲಿ ಒಂದೇ ಒಂದು ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂದಿದೆ ಎಂದು ತೋರಿಸಿದರು. 146 ರೆಸಿಡ್ಯೂಗಳ ಸರಪಳಿಯಲ್ಲಿ ಅದು 6ನೆಯದು. ಆಮ್ಲಜನಕ ಬಿಟ್ಟುಕೊಟ್ಟ ಎಸ್ ಅಣುಗಳು ಒಂದಕ್ಕೊಂದು ಅಂಟಿ ನಾರಾಗುತ್ತವೆ. ಹದಿನಾಲ್ಕು ಎಳೆಗಳ, ಅಂದರೆ ಏಳು ಜೋಡಿಎಳೆಗಳ ಆ ನಾರೇ ಕೆಂಪು ರಕ್ತಕಣವನ್ನು ಬಾಗಿಸುತ್ತದೆ. ಜೋಡಿಎಳೆಯ ಹರಳು ರಚನೆ 1975ರಲ್ಲಿ 5 ಆಂಗ್‌ಸ್ಟ್ರಾಂ ಸ್ಫುಟತೆಯಲ್ಲಿ, 1985ರಲ್ಲಿ ಪಾಡ್ಲನ್ ಮತ್ತು ಲವ್ ಅವರಿಂದ 3 ಆಂಗ್‌ಸ್ಟ್ರಾಂನಲ್ಲಿ, 1997ರಲ್ಲಿ ಹ್ಯಾರಿಂಗ್ಟನ್, ಅಡಾಚಿ, ರಾಯರ್ ಅವರಿಂದ 2.05 ಆಂಗ್‌ಸ್ಟ್ರಾಂನಲ್ಲಿ ಹೊರಬಂತು. ಕೊನೆಯದು ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 2ಎಚ್‌ಬಿಎಸ್ ಎಂಬ ಗುರುತಿನಲ್ಲಿದೆ. ಈ ಟಿಪ್ಪಣಿಗೆ ಆಧಾರ ಅದೇ.

ಮೊದಲ ಪ್ರಶ್ನೆ ಮಿತಿಯದು. ಗೋಡೆಗೆ ಗೋಡೆ ತಾಗಿದವರು ಮಾತ್ರ ನೆರೆಯವರೋ, ಕೂಗಿದರೆ ಓಗೊಡುವಷ್ಟು ಹತ್ತಿರದವರೂ ನೆರೆಯವರೋ ಎಂಬುದನ್ನು ಮೊದಲು ತೀರ್ಮಾನಿಸದೆ ಊರಿನ ನೆರೆಹೊರೆ ಎಣಿಸಲಾಗದು. ಕೆಲವರು ಎರಡು ರೆಸಿಡ್ಯೂಗಳ ಆಲ್ಫಾ ಕಾರ್ಬನ್‌ಗಳ ದೂರ 7 ಅಥವಾ 8 ಆಂಗ್‌ಸ್ಟ್ರಾಂ ಒಳಗಿದ್ದರೆ ಸಂಪರ್ಕ ಎನ್ನುತ್ತಾರೆ. ರಚನೆಯನ್ನು ಮುಂಗಾಣುವ ಸ್ಪರ್ಧೆಗಳಲ್ಲಿ ಬೀಟಾ ಕಾರ್ಬನ್‌ಗಳ ನಡುವೆ 8 ಆಂಗ್‌ಸ್ಟ್ರಾಂ ಎಂಬ ಲೆಕ್ಕ ಬಳಕೆಗೆ ಬಂತು. ರಸಾಯನದ ಕಡೆಯಿಂದ ನೋಡುವವರು ಹೈಡ್ರೋಜನ್ ಬಿಟ್ಟು ಉಳಿದ ಯಾವುದೇ ಎರಡು ಪರಮಾಣುಗಳ ನಡುವೆ 4.5 ಆಂಗ್‌ಸ್ಟ್ರಾಂ ಎಂದು ಹಿಡಿಯುತ್ತಾರೆ. ಲವಣ ಸೇತುವೆಗಾದರೆ 4 ಆಂಗ್‌ಸ್ಟ್ರಾಂ, 1983ರಲ್ಲಿ ಬಾರ್ಲೋ ಮತ್ತು ಥಾರ್ನ್‌ಟನ್ ಬಳಸಿದ ಅಳತೆ.

ಇವು ಒಂದೇ ಉತ್ತರ ಕೊಡುವುದಿಲ್ಲ. ಆರ್ಜಿನೀನ್ ಮತ್ತು ಗ್ಲುಟಾಮಿಕ್ ಆಮ್ಲದ ಪಾರ್ಶ್ವ ಗುಂಪುಗಳು ಉದ್ದವಾದವು. ಅವುಗಳ ತುದಿಗಳು ಕೂಡಿ ಗಟ್ಟಿ ಲವಣ ಸೇತುವೆ ಕಟ್ಟಿದಾಗಲೂ ಆಲ್ಫಾ ಕಾರ್ಬನ್‌ಗಳು 10 ಆಂಗ್‌ಸ್ಟ್ರಾಂಗಿಂತ ದೂರ ಇರಬಹುದು. ಬೆನ್ನಿಗೆ ಬೆನ್ನು ಮಾಡಿ ನಿಂತ ಎರಡು ರೆಸಿಡ್ಯೂಗಳು 7 ಆಂಗ್‌ಸ್ಟ್ರಾಂ ಒಳಗೇ ಇದ್ದು, ಪಾರ್ಶ್ವ ಗುಂಪುಗಳು ಒಂದನ್ನೊಂದು ಕಾಣದೆಯೂ ಇರಬಹುದು. ಅಣುಗಳು ಪರಸ್ಪರ ಅಂಟುವ ಮೇಲ್ಮೈಯನ್ನು ಅಧ್ಯಯನ ಮಾಡುವಾಗ ಆಲ್ಫಾ ಕಾರ್ಬನ್ ಲೆಕ್ಕವನ್ನು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮಿತಿಯನ್ನು ಹೇಗೆ ಎಚ್ಚರದಿಂದ ಹಾಕಬೇಕು ಎಂಬುದಕ್ಕೆ ನಮ್ಮಲ್ಲೇ ಹಳೆಯ ಮಾದರಿ ಇದೆ. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ತಮ್ಮ ಪ್ರಸಿದ್ಧ ನಕ್ಷೆ ಬರೆಯುವಾಗ ಪರಮಾಣುಗಳ ಕನಿಷ್ಠ ದೂರಕ್ಕೆ ಒಂದಲ್ಲ, ಎರಡು ಮಿತಿ ಇಟ್ಟರು. ಎರಡು ಕಾರ್ಬನ್‌ಗಳಿಗೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಂ, ಹೊರ ಮಿತಿ 3.0 ಆಂಗ್‌ಸ್ಟ್ರಾಂ. ಯಾವ ತೀರ್ಮಾನ ಎರಡರಲ್ಲೂ ನಿಲ್ಲುತ್ತದೆ, ಯಾವುದು ಸಡಿಲ ಮಿತಿಯಲ್ಲಷ್ಟೇ ನಿಲ್ಲುತ್ತದೆ ಎಂಬುದು ಓದುಗನಿಗೆ ನಕ್ಷೆಯಲ್ಲೇ ಕಾಣುತ್ತದೆ. ಅದೇ ರಾಮಚಂದ್ರನ್ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಮತ್ತು ಅವರ ವಿದ್ಯಾರ್ಥಿಗಳು ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದರು. ಸಂಪರ್ಕ ಇದೆಯೋ ಇಲ್ಲವೋ ಎಂದು ಕೇಳುವ ಬದಲು ಅದು ಎಷ್ಟು ಬಲವಾಗಿದೆ ಎಂದು ಅವರು ಕೇಳಿದರು. ಎರಡು ರೆಸಿಡ್ಯೂಗಳ ಪಾರ್ಶ್ವ ಗುಂಪುಗಳಲ್ಲಿ 4.5 ಆಂಗ್‌ಸ್ಟ್ರಾಂ ಒಳಗೆ ಬರುವ ಪರಮಾಣು ಜೋಡಿಗಳನ್ನು ಎಣಿಸಿ, ಆಯಾ ರೆಸಿಡ್ಯೂಗಳ ಗಾತ್ರಕ್ಕೆ ತಕ್ಕಂತೆ ಸರಿದೂಗಿಸಿ, ಶೇಕಡಾ ಲೆಕ್ಕದಲ್ಲಿ ಬಲವನ್ನು ಹೇಳುವ ಕ್ರಮ ಅದು. ಹೀಗೆ ಸರಿದೂಗಿಸದಿದ್ದರೆ ಟ್ರಿಪ್ಟೊಫ್ಯಾನ್‌ನಂಥ ದೊಡ್ಡ ರೆಸಿಡ್ಯೂ ಸುಮ್ಮನೆ ಗಾತ್ರದ ಬಲದಿಂದಲೇ ಪಟ್ಟಿಯ ತಲೆಯಲ್ಲಿ ಕೂರುತ್ತದೆ.

ಎರಡನೆಯದು ಕಡತದ ವಿಚಾರ. 2ಎಚ್‌ಬಿಎಸ್ ಕಡತದಲ್ಲಿರುವುದು ಎರಡು ಹಿಮೋಗ್ಲೋಬಿನ್ ಅಣುಗಳು, ಒಟ್ಟು ಎಂಟು ಸರಪಳಿಗಳು. ಎಳೆ ಉದ್ದಕ್ಕೆ ಬೆಳೆಯುವುದು ಹರಳಿನಲ್ಲಿ ಇದೇ ಅಣುಗಳು ಮತ್ತೆ ಮತ್ತೆ ಬರುವುದರಿಂದ. ಆ ನೆರೆಯ ಪ್ರತಿಗಳನ್ನು ಹರಳಿನ ಸಮಮಿತಿಯಿಂದ ರಚಿಸಿಕೊಳ್ಳದೆ ಲೆಕ್ಕ ಹಾಕಿದರೆ ಎಳೆಯ ಉದ್ದಕ್ಕಿರುವ ಅಕ್ಷೀಯ ಸಂಪರ್ಕಗಳು ಪಟ್ಟಿಗೇ ಬರುವುದಿಲ್ಲ. ಸ್ಥಾನಗಳ ಎಣಿಕೆಯಲ್ಲೂ ಒಂದು ತೊಡಕು ಇದೆ. ಹಿಮೋಗ್ಲೋಬಿನ್ ಸಾಹಿತ್ಯ ಮೊದಲ ಮಿಥಿಯೋನಿನ್ ಬಿಟ್ಟು ಎಣಿಸುತ್ತದೆ, ಆದ್ದರಿಂದ ವ್ಯಾಲೀನ್ 6ನೇ ಸ್ಥಾನ. ಈಗಿನ ಜೀನ್ ಪರೀಕ್ಷೆಯ ವರದಿಗಳು ಅದನ್ನು ಸೇರಿಸಿ ಎಣಿಸುವುದರಿಂದ ಅದೇ ರೆಸಿಡ್ಯೂ 7ನೆಯದಾಗುತ್ತದೆ. ಎರಡು ಪಟ್ಟಿಗಳನ್ನು ಹೊಂದಿಸುವಾಗ ಈ ಒಂದು ಅಂಕಿಯ ಅಂತರ ಎಲ್ಲ ಸಾಲುಗಳನ್ನೂ ತಪ್ಪಿಸಿಬಿಡುತ್ತದೆ.

ಈಗ ಮುಖ್ಯ ಸಂಪರ್ಕವನ್ನೇ ಹತ್ತಿರದಿಂದ ನೋಡೋಣ. ಒಂದು ಅಣುವಿನ ಬೀಟಾ ಸರಪಳಿಯ 6ನೇ ವ್ಯಾಲೀನ್, ಪಕ್ಕದ ಎಳೆಯ ಅಣುವಿನ ಬೀಟಾ ಸರಪಳಿಯಲ್ಲಿರುವ ಒಂದು ಆಳವಿಲ್ಲದ ಗುಳಿಗೆ ಬಂದು ಕೂರುತ್ತದೆ. ಗುಳಿಯ ಗೋಡೆಗಳಾಗಿರುವುದು 70ನೇ ಅಲನೀನ್, 85ನೇ ಫಿನೈಲ್‌ಅಲನೀನ್, 88ನೇ ಲ್ಯೂಸಿನ್. ಮೂರೂ ನೀರನ್ನು ಒಲ್ಲದವು. ಈ ಗುಳಿ ರೋಗದಿಂದ ಹುಟ್ಟಿದ್ದಲ್ಲ, ಆರೋಗ್ಯವಂತರ ಹಿಮೋಗ್ಲೋಬಿನ್‌ನಲ್ಲೂ ಅದು ಹಾಗೆಯೇ ಇದೆ. ಅಲ್ಲಿ 6ನೇ ಸ್ಥಾನದ ಗ್ಲುಟಾಮಿಕ್ ಆಮ್ಲ ವಿದ್ಯುದಂಶ ಹೊತ್ತಿರುವುದರಿಂದ ಇಂಥ ಗುಳಿಗೆ ಇಳಿಯುವುದಿಲ್ಲ. ಆಮ್ಲಜನಕ ಹಿಡಿದಾಗ ಅಣುವಿನ ಒಟ್ಟು ಜೋಡಣೆಯೇ ಬದಲಾಗುವುದರಿಂದ ಎಸ್ ಅಣುವಿಗೂ ಈ ನೆಲೆ ಕೂಡಿಬರುವುದಿಲ್ಲ. ಒಂದು ಅಣುವಿನಲ್ಲಿ ಎರಡು ಬೀಟಾ ಸರಪಳಿ, ಹೀಗಾಗಿ ಎರಡು ವ್ಯಾಲೀನ್ ಇದ್ದರೂ ಜೋಡಿಎಳೆಯ ಪಾರ್ಶ್ವ ಸಂಪರ್ಕಕ್ಕೆ ಬಳಕೆಯಾಗುವುದು ಒಂದು ಮಾತ್ರ. ಒಂದು ಎಸ್ ಸರಪಳಿ, ಒಂದು ಸಾಮಾನ್ಯ ಸರಪಳಿ ಇರುವ ಮಿಶ್ರ ಅಣುವೂ ನಾರಿನೊಳಗೆ ಸೇರಬಲ್ಲದು ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ.

ಪಟ್ಟಿ ಇಷ್ಟಕ್ಕೆ ಮುಗಿಯುವುದಿಲ್ಲ. 4ನೇ ಥ್ರಿಯೋನಿನ್ ಮತ್ತು ನೆರೆಯ ಅಣುವಿನ 73ನೇ ಆಸ್ಪಾರ್ಟಿಕ್ ಆಮ್ಲದ ನಡುವೆ ಹೈಡ್ರೋಜನ್ ಬಂಧವಿದೆ. ಇದು ನಿಜಕ್ಕೂ ಕೆಲಸ ಮಾಡುವ ಬಂಧವೇ, ಹರಳಿನ ಒತ್ತಡದಲ್ಲಿ ಸುಮ್ಮನೆ ಒದಗಿದ್ದೇ? ದೂರದ ಅಂಕಿ ಇದನ್ನು ಹೇಳಲಾರದು. ಹೇಳುವುದು ಸಿ-ಹಾರ್ಲೆಮ್ ಎಂಬ ಹಿಮೋಗ್ಲೋಬಿನ್. ಅದರಲ್ಲಿ 6ನೇ ವ್ಯಾಲೀನ್ ಜೊತೆಗೆ 73ನೆಯದು ಆಸ್ಪರಜಿನ್ ಆಗಿ ಬದಲಾಗಿರುತ್ತದೆ, ಮತ್ತು ನಾರುಗಟ್ಟುವ ಗುಣ ತಗ್ಗಿರುತ್ತದೆ. 121ನೇ ಗ್ಲುಟಾಮಿಕ್ ಆಮ್ಲದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಗ್ಲುಟಮಿನ್ ಬಂದರೆ ಡಿ-ಪಂಜಾಬ್, ಲೈಸಿನ್ ಬಂದರೆ ಓ-ಅರಬ್. ಇವುಗಳಲ್ಲಿ ಯಾವುದೇ ಒಂದನ್ನು ಎಸ್ ಜೊತೆಗೆ ಹೊತ್ತವರಲ್ಲಿ ರೋಗ ತೀವ್ರವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು 87ನೇ ಸ್ಥಾನ. ಬೀಟಾ ಸರಪಳಿಯಲ್ಲಿ ಅಲ್ಲಿ ಥ್ರಿಯೋನಿನ್ ಇದೆ, ಗುಳಿಯ ಅಂಚಿನಲ್ಲಿ, 85 ಮತ್ತು 88ರ ನಡುವೆ. ಬರಿಯ ಸಂಪರ್ಕ ಸಂಖ್ಯೆ ನೋಡಿ ಯಾರೂ ಅದನ್ನು ಮುಖ್ಯವೆಂದು ಆರಿಸಲಾರರು. ಆದರೆ ಭ್ರೂಣದ ಹಿಮೋಗ್ಲೋಬಿನ್‌ನ ಗಾಮಾ ಸರಪಳಿಯಲ್ಲೂ, ಎ2 ಹಿಮೋಗ್ಲೋಬಿನ್‌ನ ಡೆಲ್ಟಾ ಸರಪಳಿಯಲ್ಲೂ ಇದೇ ಸ್ಥಾನದಲ್ಲಿ ಗ್ಲುಟಮಿನ್ ಇದೆ. ಈ ಎರಡೂ ಹಿಮೋಗ್ಲೋಬಿನ್‌ಗಳು ಎಸ್ ನಾರುಗಟ್ಟುವುದನ್ನು ತಡೆಯುತ್ತವೆ ಎಂಬುದಕ್ಕೆ 87ನೇ ಸ್ಥಾನವೇ ಒಂದು ಪ್ರಮುಖ ಕಾರಣವೆಂದು ನಾಗೆಲ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿದ್ದರು. ಆಗ ಕೈಯಲ್ಲಿದ್ದ ಹರಳು ರಚನೆ 5 ಆಂಗ್‌ಸ್ಟ್ರಾಂನದು, ಅದರಲ್ಲಿ ಪಾರ್ಶ್ವ ಗುಂಪುಗಳೇ ಕಾಣವು. ಸಹಜವಾಗಿ ಹುಟ್ಟಿದ ರೂಪಾಂತರಗಳನ್ನು ಬೆರೆಸಿ ನೋಡಿದ ಪ್ರಯೋಗ ಮೊದಲು ಬಂತು, ಸ್ಫುಟ ರಚನೆ ಆಮೇಲೆ ಬಂತು. ಗಣಕದ ಪಟ್ಟಿ ಎಷ್ಟೇ ಸ್ಫುಟವಿರಲಿ, ಇಂಥ ಪ್ರಯೋಗದ ಸಾಕ್ಷ್ಯದ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಈ ಒಂದು ಸಂಪರ್ಕ ನಮ್ಮ ಜನರಿಗೆ ದೂರದ ಮಾತಲ್ಲ. 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ನಮ್ಮ ಗಡಿಗೆ ತಾಗಿದ ನೀಲಗಿರಿಯ ಆದಿವಾಸಿಗಳಲ್ಲಿ ಕುಡಗೋಲು ಗುಣವನ್ನು ವರದಿ ಮಾಡಿದರು. ಭಾರತದಲ್ಲಿ ಹೆಚ್ಚಾಗಿ ಕಾಣುವ ಅರಬ್-ಇಂಡಿಯನ್ ಜೀನ್ ಹಿನ್ನೆಲೆ ಇರುವವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಹೆಚ್ಚಿನ ಪ್ರಮಾಣದಲ್ಲಿ ಉಳಿಯುತ್ತದೆ, ಅನೇಕರಲ್ಲಿ ರೋಗದ ಕಾಟ ಅಷ್ಟರಮಟ್ಟಿಗೆ ಕಡಿಮೆ. 87ನೇ ಥ್ರಿಯೋನಿನ್ ಬದಲು ಗ್ಲುಟಮಿನ್ ಇಟ್ಟ ಬೀಟಾ ಜೀನನ್ನು ರೋಗಿಯ ಮಜ್ಜೆಯ ಕೋಶಗಳಿಗೆ ಸೇರಿಸುವ ಚಿಕಿತ್ಸೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಸಂಪರ್ಕ ಪಟ್ಟಿಗಳನ್ನು ಪ್ರಕಟಿಸುವ ಕಿರಿಯ ಸಂಶೋಧಕರಲ್ಲಿ ನನ್ನದೊಂದು ವಿನಂತಿ. ಪಟ್ಟಿಯ ತಲೆಯಲ್ಲೇ ಕಡತದ ಗುರುತು, ಎಣಿಕೆಯ ಕ್ರಮ, ಯಾವ ಪರಮಾಣುಗಳ ನಡುವಿನ ದೂರ, ಎಷ್ಟು ಆಂಗ್‌ಸ್ಟ್ರಾಂ, ಹರಳಿನ ನೆರೆಯ ಪ್ರತಿಗಳನ್ನು ಸೇರಿಸಿದ್ದೀರೋ ಇಲ್ಲವೋ ಎಂಬುದನ್ನು ಬರೆಯಿರಿ. ಆ ಸ್ಥಾನದಲ್ಲಿ ತಿಳಿದಿರುವ ರೂಪಾಂತರವಿದ್ದರೆ ಅದಕ್ಕೂ ಒಂದು ಕಲಂ ಬಿಡಿ.